ಆ ರಾತ್ರಿ ನಾನು ಫೋನ್ ಮಾಡಲಿಲ್ಲ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ
2025, ಅಕ್ಟೋಬರ್ ಕೊನೆ

ಪ್ರೀತಿಯ ಗೆಳೆಯಾ,

ಅಡಿಕೆ ಕೊನೆ ಕೊಯ್ಲು ಶುರುವಾಗಿದೆ. ರಾತ್ರಿ ಹತ್ತೂವರೆವರೆಗೆ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯೋದು, ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಏನಾದರೂ ಕೇಳೋದು. ಹೋದ ವಾರ ಹಾಗೆ ಕೂತಿದ್ದಾಗ ಒಂದು ಸುದ್ದಿ ಕಿವಿಗೆ ಬಿತ್ತು. ಚೀನಾದಲ್ಲಿ ಝಯಾನ್ ಚರ್ಚಿನ ಪಾಸ್ಟರ್ ಜಿನ್ ಮಿಂಗ್ರಿ ಅವರನ್ನು ಇದೇ ತಿಂಗಳು ಹಿಡಿದುಕೊಂಡು ಹೋಗಿದ್ದಾರೆ. ಬೇರೆ ಬೇರೆ ಊರುಗಳಲ್ಲಿ ಆ ಸಭೆಯ ಇನ್ನೂ ಹಲವರನ್ನು ಹಿಡಿದಿದ್ದಾರೆ. 2018ರಲ್ಲಿ ಬೀಜಿಂಗಿನ ಅಧಿಕಾರಿಗಳು ಪ್ರಾರ್ಥನೆಯ ಜಾಗದಲ್ಲಿ ಕ್ಯಾಮೆರಾ ಹಾಕಿಸಿ ಅಂದಿದ್ದರು. ಸಭೆಯವರು ಒಪ್ಪಲಿಲ್ಲ. ಅದೇ ವರ್ಷ ಬಾಗಿಲು ಮುಚ್ಚಿಸಿದರು. ಅವರು ಆನ್‌ಲೈನಿನಲ್ಲಿ ಪ್ರಾರ್ಥನೆ ಮುಂದುವರಿಸಿಕೊಂಡು ಬಂದಿದ್ದರು.

ಕೈ ನಿಂತುಬಿಟ್ಟಿತು. ನಿಮ್ಮಪ್ಪ ನೆನಪಾದರು.

ಮೂರು ವರ್ಷದ ಹಿಂದಿನ ಆ ಭಾನುವಾರದ ಕತೆ ನಿನಗೆ ನಾನು ಹೇಳಬೇಕಾಗಿಲ್ಲ. ಬಾಡಿಗೆ ಹಾಲ್‌ನಲ್ಲಿ ನಿಮ್ಮಪ್ಪನ ಪ್ರಾರ್ಥನಾ ಕೂಟ: ಮೂವತ್ತು ಜನ, ಒಂದು ಡೋಲಕ್. ಯಾರೋ ದೂರು ಕೊಟ್ಟರು. ಮಧ್ಯಾಹ್ನ ಠಾಣೆಗೆ ಕರೆದುಕೊಂಡು ಹೋದವರು ರಾತ್ರಿಯಿಡೀ ಬೆಂಚಿನ ಮೇಲೆ ಕೂರಿಸಿದರು. ‘ಇನ್ನು ಕೂಟ ನಡೆಸಲ್ಲ ಅಂತ ಒಂದು ಸಾಲು ಬರೆದುಕೊಡಿ, ಈಗಲೇ ಮನೆಗೆ ಹೋಗಿ’ ಅಂದರಂತೆ. ನಿಮ್ಮಪ್ಪ ಬರೆದುಕೊಡಲಿಲ್ಲ. ಬೆಳಗ್ಗೆ ಬಿಟ್ಟರು.

ನನಗೆ ಆ ರಾತ್ರಿಯೇ ಗೊತ್ತಾಗಿತ್ತು ಕಣೋ. ಹಾಸ್ಟೆಲ್ ಗೆಳೆಯರ ಗುಂಪಿನಲ್ಲಿ ಮೆಸೇಜ್ ಬಂದಿತ್ತು. ನಾನು ಫೋನ್ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಆಮೇಲೆ ಸಿಕ್ಕಾಗೆಲ್ಲ ಅಡಿಕೆ ರೇಟು, ಕೊಳೆರೋಗ, ಮಕ್ಕಳ ಸ್ಕೂಲು ಅಂತ ಮಾತಾಡಿದೆವು. ಹಾಸ್ಟೆಲಿನಲ್ಲಿದ್ದ ಮೂರು ವರ್ಷ ಭಾನುವಾರದ ಊಟವನ್ನು ನಿಮ್ಮ ಮನೆಯಲ್ಲಿ ಮಾಡಿದವನು ನಾನು. ನಿಮ್ಮಮ್ಮ ಬಡಿಸುತ್ತಿದ್ದ ಸಾರಿನ ರುಚಿ ಇವತ್ತಿಗೂ ಹೇಳಬಲ್ಲೆ. ಆದರೂ ಫೋನ್ ಮಾಡಲಿಲ್ಲ. ಊರಲ್ಲಿ ಯಾರು ಏನಂದುಕೊಳ್ಳುತ್ತಾರೋ ಅನ್ನೋ ಹೆದರಿಕೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ಸುಳ್ಳಾಗುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆಗ ನನಗೆ ನಿಮ್ಮಪ್ಪನ ಮೇಲೆ ಸ್ವಲ್ಪ ಸಿಟ್ಟೂ ಬಂದಿತ್ತು. ಒಂದು ಸಾಲು ತಾನೇ? ಬರೆದುಕೊಟ್ಟು ಮನೆಗೆ ಬಂದಿದ್ದರೆ ಅಮ್ಮ ಬೆಳಗಿನವರೆಗೆ ಠಾಣೆ ಮುಂದಿನ ಕಟ್ಟೆಯಲ್ಲಿ ಕೂರುವುದು ತಪ್ಪುತ್ತಿತ್ತಲ್ಲ ಅನ್ನಿಸಿತ್ತು. ಆ ಪ್ರಶ್ನೆ ಒಳಗೇ ಉಳಿದಿತ್ತು. ಈ ವಾರ ಸುಲಿದಷ್ಟು ಹೊತ್ತೂ ಹಾಗೆ ಒಪ್ಪದೆ ನಿಂತವರ ಕತೆಗಳನ್ನೇ ಓದಿದೆ, ಕೇಳಿದೆ.

ಜಾನ್ ಬನ್ಯನ್ ಹೆಸರು ನಿನಗೆ ಗೊತ್ತಿರುತ್ತದೆ. ತೂತು ಬಿದ್ದ ಪಾತ್ರೆ ಬೆಸೆಯುವುದು ಅವನ ಕಸುಬು. ಇಂಗ್ಲೆಂಡಿನ ಬೆಡ್‌ಫರ್ಡ್ ಕಡೆಯವನು, ಸರ್ಕಾರಿ ಚರ್ಚಿನ ಹೊರಗೆ ಬೋಧನೆ ಮಾಡುತ್ತಿದ್ದವನು. 1660ರ ನವೆಂಬರಿನಲ್ಲಿ ಒಂದು ರೈತರ ಮನೆಯಲ್ಲಿ ಕೂಟ ನಡೆಸಲು ಹೋಗಿದ್ದ. ವಾರಂಟ್ ಹೊರಟಿದೆ, ತಪ್ಪಿಸಿಕೋ ಅಂತ ಮೊದಲೇ ಹೇಳಿದ್ದರು. ಬೋಧಿಸುವವನೇ ಓಡಿಹೋದರೆ ಕೇಳಲು ಬಂದವರ ಗತಿ ಏನು ಅಂತ ಅಲ್ಲೇ ನಿಂತ. ಮೊದಲು ಹಾಕಿದ್ದು ಮೂರೇ ತಿಂಗಳು. ಬೋಧನೆ ಬಿಡುತ್ತೇನೆ ಅಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅನ್ನಲಿಲ್ಲ. 12 ವರ್ಷ ಒಳಗಿದ್ದ.

ನನ್ನನ್ನು ತಡೆದು ನಿಲ್ಲಿಸಿದ್ದು ಅವನ ಹೆಂಡತಿ ಎಲಿಜಬೆತ್. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಮೊದಲ ಹೆಂಡತಿಯ ನಾಲ್ಕು ಮಕ್ಕಳು ಇವಳ ಕೈಯಲ್ಲಿ, ಅದರಲ್ಲಿ ಒಬ್ಬಳು ಹುಟ್ಟು ಕುರುಡಿ. ಗಂಡನನ್ನು ಹಿಡಿದ ಸುದ್ದಿ ಕೇಳಿದ ಆಘಾತಕ್ಕೆ ಇವಳ ಹೊಟ್ಟೆಯ ಮಗು ಉಳಿಯಲಿಲ್ಲ. ಅಂಥವಳು 1661ರಲ್ಲಿ ನ್ಯಾಯಾಧೀಶರ ಮುಂದೆ ಹೋಗಿ ನಿಂತಳು. ನಿನ್ನ ಗಂಡ ಬೋಧನೆ ಬಿಡುತ್ತಾನಾ ಅಂತ ಕೇಳಿದರು. ಬಾಯಲ್ಲಿ ಮಾತು ಇರುವವರೆಗೆ ಬಿಡಲಾರ ಅಂದಳು. ಬಿಡುತ್ತಾನೆ ಅಂದುಬಿಡುವುದು ಎಷ್ಟು ಸುಲಭವಿತ್ತು, ಅಲ್ವಾ? ಮನೆಯಲ್ಲಿ ನಾಲ್ಕು ಬಾಯಿ ಕಾಯುತ್ತಿದ್ದವು. ಅವನು ಜೈಲಲ್ಲಿ ಕೂತು ಲಾಡಿ ಮಾಡಿ ಮಾರಿ ಮನೆಗೆ ದುಡ್ಡು ಕಳಿಸುತ್ತಿದ್ದ.

ಇದನ್ನು ಓದಿದ ಮೇಲೆ ಅಮ್ಮ ಕಟ್ಟೆಯ ಮೇಲೆ ಕೂತಿದ್ದು ನನಗೆ ಬೇರೆ ಥರ ಕಾಣುತ್ತಿದೆ. ಅವರು ಒಳಗೆ ಹೋಗಿ ‘ಬರೆದುಕೊಟ್ಟು ಬನ್ನಿ’ ಅನ್ನಲಿಲ್ಲ ಅಂತ ನೀನೇ ಒಮ್ಮೆ ಹೇಳಿದ್ದೆ. ನಾನು ಅದನ್ನು ಅವರ ಅಸಹಾಯಕತೆ ಅಂದುಕೊಂಡಿದ್ದೆ. ತಪ್ಪು ತಿಳಿದಿದ್ದೆ.

ಇದೆಲ್ಲ ಹಳೇ ಕಾಲದ್ದು ಅನ್ನೋ ಹಾಗೂ ಇಲ್ಲ. ಆಫ್ರಿಕಾದ ಎರಿಟ್ರಿಯಾದಲ್ಲಿ 2002ರಲ್ಲಿ ಸರ್ಕಾರ ಇಸ್ಲಾಂ, ಆರ್ಥಡಾಕ್ಸ್, ಕ್ಯಾಥೋಲಿಕ್, ಲೂಥರನ್ ಈ ನಾಲ್ಕನ್ನು ಬಿಟ್ಟು ಬೇರೆ ಸಭೆಗಳನ್ನೆಲ್ಲ ಮುಚ್ಚಿಸಿತು. 2004ರ ಮೇ 23ರಂದು ಫುಲ್ ಗಾಸ್ಪೆಲ್ ಸಭೆಯ ಹೈಲೆ ನೈಜ್ಗಿ ಮತ್ತು ಕಿಫ್ಲು ಗೆಬ್ರೆಮೆಸ್ಕೆಲ್ ಅವರನ್ನು ಹಿಡಿದರು. ಕಿಫ್ಲು ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. 20 ವರ್ಷ ದಾಟಿತು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ಆ ದೇಶದಲ್ಲಿ ಕೈದಿಗಳನ್ನು ಹಡಗಿನ ಸರಕು ಸಾಗಿಸುವ ಕಬ್ಬಿಣದ ಕಂಟೇನರುಗಳಲ್ಲಿ ಕೂಡಿಹಾಕಿದ್ದುಂಟು. ಹಗಲು ಕಾದ ಕಾವಲಿ, ರಾತ್ರಿ ಕೊರೆಯುವ ಚಳಿ. ಒಬ್ಬರೇ ಒಬ್ಬರು ಒಂದು ರಾತ್ರಿ ಬೆಂಚಿನ ಮೇಲೆ ಕಳೆದದ್ದಕ್ಕೆ ನಿಮ್ಮ ಮನೆ ಎಷ್ಟು ಅಲುಗಾಡಿತು ಅಂತ ನಾನು ಬಲ್ಲೆ. ಆ ಇಬ್ಬರಿಗೆ ಅಂಥ ರಾತ್ರಿಗಳು ಏಳು ಸಾವಿರಕ್ಕೂ ಜಾಸ್ತಿ. ಲೆಕ್ಕ ಹಾಕಿ ಸುಮ್ಮನೆ ಕೂತುಬಿಟ್ಟೆ.

ಚೀನಾದ ಚೆಂಗ್ಡುವಿನಲ್ಲಿ ವಾಂಗ್ ಯಿ ಅಂತ ಒಬ್ಬರಿದ್ದಾರೆ. ಮೊದಲು ಕಾನೂನಿನ ಮೇಷ್ಟ್ರು, ಆಮೇಲೆ ಪಾಸ್ಟರ್. 2018ರ ಡಿಸೆಂಬರಿನಲ್ಲಿ ಬಂಧನ, ಮರುವರ್ಷದ ಕೊನೆಗೆ 9 ವರ್ಷದ ಶಿಕ್ಷೆ. ರಾಜ್ಯದ ಅಧಿಕಾರ ಬುಡಮೇಲು ಮಾಡಲು ಕುಮ್ಮಕ್ಕು ಕೊಟ್ಟರು ಅನ್ನೋದು ಆರೋಪ. ತನ್ನನ್ನು ಹಿಡಿದು 48 ಗಂಟೆ ದಾಟಿದರೆ ಪ್ರಕಟಿಸಿ ಅಂತ ಮೊದಲೇ ಒಂದು ಹೇಳಿಕೆ ಬರೆದಿಟ್ಟಿದ್ದರು.

ನಮ್ಮ ಕಡೆಗೆ ಬರುತ್ತೇನೆ. 2022ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆಯುವ ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆಯಾಯಿತು. ಬಲವಂತ, ಮೋಸ, ಆಮಿಷದಿಂದ ಮತಾಂತರ ಮಾಡಿದರೆ 3ರಿಂದ 5 ವರ್ಷ ಜೈಲು, ಹೆಣ್ಣುಮಕ್ಕಳು ಅಥವಾ ಪರಿಶಿಷ್ಟರ ವಿಷಯವಾದರೆ 10 ವರ್ಷದವರೆಗೆ. ತಪ್ಪು ಮಾಡಿಲ್ಲ ಅಂತ ತೋರಿಸುವ ಹೊಣೆ ಆರೋಪ ಹೊತ್ತವರದ್ದೇ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಆದರೆ ಕಾಯ್ದೆಯ ‘ಆಮಿಷ’ ಅನ್ನೋ ಪದ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಉಡುಗೊರೆ ಆಮಿಷ. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಓದು ಆಮಿಷ. ಒಳ್ಳೆಯ ಬದುಕಿನ ಭರವಸೆಯೂ ಆಮಿಷ. ಉತ್ತರ ಪ್ರದೇಶದಲ್ಲೂ ಇಂಥದ್ದೇ ಕಾನೂನಿದೆ. ಅಲ್ಲಿ ಒಬ್ಬ ಪಾಸ್ಟರ್ ಮತ್ತು ಅವರ ಹೆಂಡತಿಗೆ 2023ರಲ್ಲಿ ಜಾಮೀನು ಕೊಡುವಾಗ ಅಲಹಾಬಾದ್ ಹೈಕೋರ್ಟ್ ಬಿಡಿಸಿ ಹೇಳಿತ್ತು: ಬೈಬಲ್ ಹಂಚುವುದು, ಮಕ್ಕಳಿಗೆ ಓದಿ ಅನ್ನುವುದು, ಜಗಳ ಆಡಬೇಡಿ, ಕುಡಿಯಬೇಡಿ ಅನ್ನುವುದು ಆಮಿಷವಲ್ಲ ಅಂತ. 2025ರ ಜನವರಿಯಲ್ಲಿ ಅಲ್ಲಿನ ಕೆಳ ನ್ಯಾಯಾಲಯ ಅದೇ ದಂಪತಿಗೆ 5 ವರ್ಷ ಶಿಕ್ಷೆ ಕೊಟ್ಟಿತು.

ಬಲವಂತ ಮಾಡಿ, ಮೋಸ ಮಾಡಿ ಯಾರ ನಂಬಿಕೆಯನ್ನೂ ಬದಲಿಸಬಾರದು. ಅದರಲ್ಲಿ ನನಗೂ ನಿನಗೂ ಎರಡು ಮಾತಿಲ್ಲ. ನಿಮ್ಮಪ್ಪನೂ ಅದನ್ನೇ ಹೇಳುತ್ತಿದ್ದರು. ಮೂರು ವರ್ಷ ಅವರ ಮನೆಯಲ್ಲಿ ಉಂಡೆನಲ್ಲ, ಒಂದು ದಿನವೂ ನನ್ನ ದೇವರ ಬಗ್ಗೆ ಒಂದು ಕೆಟ್ಟ ಮಾತು ಕೇಳಲಿಲ್ಲ. ಊಟಕ್ಕೆ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ನನ್ನ ಹೆಸರನ್ನೂ, ನನ್ನ ಪರೀಕ್ಷೆಯನ್ನೂ ಸೇರಿಸುತ್ತಿದ್ದರು.

ಈ ಸಲ ದೀಪಾವಳಿಯ ಬೂರೆ ಹಬ್ಬಕ್ಕೆ ಅಂಟಿಗೆ-ಪಂಟಿಗೆಯವರು ಬಂದಿದ್ದರು. ದೀಪ ಹಿಡಿದು ರಾತ್ರಿಯೆಲ್ಲ ಮನೆಮನೆ ಬಾಗಿಲಲ್ಲಿ ಹಾಡು. ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳಿಸಿದೆವು. ಆಗ ನಮ್ಮ ಅಜ್ಜಿ ನೆನಪಾದಳು. ನೀನೂ ನಿಮ್ಮಪ್ಪನೂ ಸಭೆಯ ಹುಡುಗರ ಜೊತೆ ಒಂದು ಡಿಸೆಂಬರಿನಲ್ಲಿ ಇಲ್ಲಿಗೆ ಬಂದು ಜಗಲಿ ಮೇಲೆ ಕ್ಯಾರಲ್ ಹಾಡಿದ್ದಿರಿ. ಅಜ್ಜಿ ಅಂಟಿಗೆಯವರಿಗೆ ಕೊಟ್ಟ ಹಾಗೇ ನಿಮಗೂ ಮೊರದಲ್ಲಿ ಅಕ್ಕಿ, ಕಾಯಿ ಇಟ್ಟು ಕೊಟ್ಟಿದ್ದಳು. ನಿಮ್ಮಪ್ಪ ಎರಡೂ ಕೈ ಒಡ್ಡಿ ತೆಗೆದುಕೊಂಡಿದ್ದರು. ಅಜ್ಜಿ ಇದ್ದಿದ್ದರೆ ಆ ರಾತ್ರಿ ನನ್ನ ಕೈಗೆ ಫೋನ್ ಕೊಟ್ಟು ‘ಮಾತಾಡು’ ಅಂತಿದ್ದಳು.

ಇವತ್ತು ಬೆಳಗ್ಗೆ ನಿಮ್ಮಪ್ಪನಿಗೆ ಫೋನ್ ಮಾಡಿದೆ. ಆ ರಾತ್ರಿಯ ವಿಷಯ ಎತ್ತಿ ತಪ್ಪಾಯ್ತು ಅಂದೆ. ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ ‘ಅಡಿಕೆ ಸುಲಿತ ಎಲ್ಲಿಗೆ ಬಂತಪ್ಪಾ?’ ಅಂತ ಕೇಳಿದರು. ಸುದ್ದಿಯಲ್ಲಿ ಕೇಳಿದ ಆ ಚೀನಾದ ಪಾಸ್ಟರ್ ಬಗ್ಗೆ ಹೇಳಿದೆ. ಗೊತ್ತು, ಪ್ರತಿದಿನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದೇವೆ ಅಂದರು. ಎರಿಟ್ರಿಯಾದ ಆ ಇಬ್ಬರ ಹೆಸರು ಬರೆದುಕೊಳ್ಳುತ್ತೇನೆ, ನಿಧಾನವಾಗಿ ಹೇಳು ಅಂದರು. ಹೇಳಿದೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ, ಮಂಡಗದ್ದೆ ಮೇಲೆ ಬರುವುದು. ಒಂದು ಬಾಳೆಗೊನೆ ತರುತ್ತೇನೆ. ಕೂಟ ಮುಗಿಯುವವರೆಗೆ ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ಊಟ ಅಲ್ಲೇ ಅಂತ ಅಮ್ಮನಿಗೆ ಹೇಳಿಡು.

ನಿನ್ನ,
ಹಾಸ್ಟೆಲ್ ಗೆಳೆಯ