ಬಾಣ ಯಾಕೆ ಎಡಕ್ಕೆ ಹೋಗುತ್ತಿತ್ತು ಅಂತ ತೋರಿಸಿಕೊಟ್ಟವರಿಗೆ

ಸಾರ್, ಮೊನ್ನೆ ನಿಮ್ಮ ಹೆಸರು ಕೇಳೋದೇ ಮರೆತೆ, ಅದಕ್ಕೇ ಇಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದೇನೆ. ನಾನು ಬಲಗೈ ಬಿಲ್ಲುಗಾರ, ಬಾಣಗಳೆಲ್ಲ ಎಡಕ್ಕೇ ಬೀಳುತ್ತಿದ್ದವು, ಎರಡು ತಿಂಗಳಿಂದ ಸುಮ್ನೆ ಬಿಲ್ಲನ್ನೇ ಬೈಯುತ್ತಿದ್ದೆ. ನೀವು ಗುರಿಯ ಕಡೆ ನೋಡಲೇ ಇಲ್ಲ, ನನ್ನ ಬಲಗೈ ನೋಡಿದಿರಿ. ಹೆದೆ ಬಿಡುವಾಗ ಕೈ ಕೆನ್ನೆಯಿಂದ ಹೊರಕ್ಕೆ ಹಾರುತ್ತಿದೆ, ಹೆದೆಯನ್ನೂ ಪಕ್ಕಕ್ಕೆ ಎಳೆಯುತ್ತಿದೆ ಅಂದಿರಿ. ಐದೇ ಹೆಜ್ಜೆ ದೂರದಿಂದ, ಕಣ್ಣು ಮುಚ್ಚಿಸಿ, ಬೆನ್ನಿನ ಬಲದಲ್ಲಿ ಎಳೆದು ಬೆರಳು ಸಡಿಲಿಸುವುದನ್ನಷ್ಟೇ ಮಾಡಿಸಿದಿರಿ. ಬೋರ್ ಆಯ್ತು, ನಿಜ! ಆಮೇಲೂ ಸ್ವಲ್ಪ ಎಡಕ್ಕೇ ಹೋದಾಗ ಗರಿ ಇಲ್ಲದ ಬಾಣ ಹೊಡೆಸಿ, ಅದು ಗರಿ ಇರುವ ಬಾಣಗಳಿಗಿಂತ ಇನ್ನೂ ಎಡಕ್ಕೆ ಬಿದ್ದದ್ದು ನೋಡಿ, ಈ ಬಿಲ್ಲಿಗೆ ಬಾಣದ ಕಡ್ಡಿಯ ಗಡಸು ಜಾಸ್ತಿ, ಬಿಟ್ಟಾಗ ಸಾಕಷ್ಟು ಬಾಗುತ್ತಿಲ್ಲ, ಬಾಗಲು ಮೊನೆಯ ಭಾರ ಹೆಚ್ಚಿಸು ಅಂದಿರಿ. ಹೆಚ್ಚಿಸಿದೆ. ನಿನ್ನೆ ಆರರಲ್ಲಿ ಐದು ನಡುವಿಗೇ ಬಿದ್ದವು. ಆರನೆಯದಕ್ಕೆ ಕೈ ಮತ್ತೆ ಹಾರಿತ್ತು ಬಿಡಿ.