ಮಾಡೆಲ್ ರೈಲು ಕೆಟ್ಟಿಲ್ಲ, ಹಳಿ ಕೊಳೆಯಾಗಿದೆ, ದಯವಿಟ್ಟು ಸ್ಯಾಂಡ್ ಪೇಪರ್ ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಮಕ್ಕಳ ರಜೆಗೆ ಅಂತ ಹವ್ಯಾಸಗಳ ಒಂದು ಪುಟ ಬಂದಿತ್ತು, ಅದರಲ್ಲಿ ಮಾಡೆಲ್ ರೈಲಿನ ಬಗ್ಗೆನೂ ಬರೆದಿದ್ರು, ಓದಿ ತುಂಬಾ ಖುಷಿ ಆಯ್ತು, ಕನ್ನಡ ಪೇಪರಲ್ಲಿ ಈ ವಿಷಯ ಬರೋದೇ ಅಪರೂಪ. ಆದ್ರೆ ಕೊನೇಲಿ ಇಂಜಿನ್ ನಿಂತು ನಿಂತು ಓಡಿದ್ರೆ ಹಳಿಗೆ ಸ್ಯಾಂಡ್ ಪೇಪರ್ ಹಾಕಿ ಚೆನ್ನಾಗಿ ಉಜ್ಜಿ ಅಂತ ಒಂದು ಸಾಲು ಇತ್ತಲ್ಲ, ಆ ಒಂದು ಸಾಲಿಗೋಸ್ಕರ ಈ ಕಾಗದ ಬರೀತಾ ಇದೀನಿ. ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ. ಅವತ್ತೊಂದಿನ ರೈಲು ಸರಾಗವಾಗಿ ಓಡುತ್ತೆ ನಿಜ, ಆಮೇಲೆ ಮೊದಲಿಗಿಂತ ಬೇಗ ಬೇಗ ನಿಲ್ಲೋಕೆ ಶುರು ಮಾಡುತ್ತೆ, ಪ್ರತಿ ಸಲ ಉಜ್ಜಿದಾಗಲೂ ಹಳಿ ಇನ್ನಷ್ಟು ಹಾಳಾಗುತ್ತೆ, ಕೊನೆಗೆ ಮಗು ಬೇಜಾರು ಮಾಡ್ಕೊಂಡು ಸೆಟ್ ಅಟ್ಟಕ್ಕೆ ಸೇರುತ್ತೆ.

ನಂದು ಕೋಲಾರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ, ಬೋರ್‌ವೆಲ್ ಮೋಟಾರು, ಮಿಕ್ಸಿ, ಫ್ಯಾನು ಇವೇ ದಿನದ ಕೆಲಸ, ಮಾಡೆಲ್ ರೈಲಿನ ಹುಚ್ಚು ಬಹಳ ವರ್ಷದಿಂದ ಇದೆ. ಹಾಗಾಗಿ ಈ ಊರಲ್ಲಿ ಯಾರ ಮನೇಲಿ ಆಟದ ರೈಲು ನಿಂತ್ರೂ ನಮ್ಮ ಅಂಗಡಿಗೇ ತರ್ತಾರೆ. ಇತ್ತೀಚೆಗೆ ಒಂದು ಶಾಲೆಯ ವಿಜ್ಞಾನದ ಮೇಷ್ಟ್ರು ಒಬ್ರು ಒಂದು ಡಬ್ಬ ಪೂರ್ತಿ ಹೊತ್ಕೊಂಡು ಬಂದ್ರು, ಅಣ್ಣ ಇದರ ಮೋಟಾರ್ ಸುಟ್ಟೋಗಿದೆ ವೈಂಡಿಂಗ್ ಮಾಡ್ಕೊಡಿ, ಆಗಲ್ಲ ಅಂದ್ರೆ ಗುಜರಿಗೆ ಹಾಕ್ಬಿಡ್ತೀವಿ ಅಂದ್ರು. ಇಂಜಿನ್ ಎತ್ತಿ ಚಕ್ರಕ್ಕೆ ನೇರ 12 ವೋಲ್ಟ್ ಡಿಸಿ ಮುಟ್ಟಿಸಿದ್ರೆ ಮೋಟಾರ್ ಗಿರ್ರಂತ ತಿರುಗ್ತು! ಮೋಟಾರ್ ಗಟ್ಟಿಮುಟ್ಟಾಗಿತ್ತು, ಹಾಳಾಗಿದ್ದು ಹಳಿ, ಅದರ ಮೇಲೆಲ್ಲ ಸ್ಯಾಂಡ್ ಪೇಪರಿನ ಗೀರು. ನನಗೆ ಹೊಟ್ಟೆ ಉರೀತು ಸಾರ್. ಎಷ್ಟು ಶಾಲೆಗಳ ಬೀರುವಿನಲ್ಲಿ ಇಂಥ ಡಬ್ಬಗಳು ಕೆಟ್ಟೋಗಿದೆ ಅನ್ನೋ ಚೀಟಿ ಅಂಟಿಸ್ಕೊಂಡು ಕೂತಿದಾವೋ.

ಯಾಕೆ ಬೇಡ ಅಂತ ಹೇಳ್ತೀನಿ. ಈ ರೈಲಿಗೆ ಕರೆಂಟ್ ಬರೋದೇ ಹಳಿಯಿಂದ, ಎರಡು ಹಳೀಲಿ ಒಂದು ಪ್ಲಸ್ ಒಂದು ಮೈನಸ್, ಚಕ್ರ ಹಳಿಗೆ ಮುಟ್ಟೋ ಜಾಗ ಸಾಸಿವೆಗಿಂತ ಚಿಕ್ಕದು, ಅಷ್ಟರಲ್ಲೇ ಮೋಟಾರಿಗೆ ಬೇಕಾದ ಕರೆಂಟೆಲ್ಲ ದಾಟ್ಬೇಕು. ಇಂಜಿನ್ ತೂಕ ಅಬ್ಬಬ್ಬಾ ಅಂದ್ರೆ ಕಾಲು ಕೆಜಿ ಅರ್ಧ ಕೆಜಿ. ನಮ್ಮ ಬಂಗಾರಪೇಟೆ ಸ್ಟೇಷನ್ ಮೇಲೆ ಹೋಗೋ ಡಬ್ಲ್ಯೂಎಪಿ-7 ಅನ್ನೋ ನಿಜವಾದ ಎಲೆಕ್ಟ್ರಿಕ್ ಇಂಜಿನ್ನು 123 ಟನ್, ಆರು ಆಕ್ಸಲ್, ಒಂದೊಂದರ ಮೇಲೆ 20 ಟನ್‌ಗೂ ಜಾಸ್ತಿ ಭಾರ, ಅದು ಮೇಲಿನ ತಂತಿಯಿಂದ 25,000 ವೋಲ್ಟ್ ತಗೊಂಡು ಕರೆಂಟನ್ನ ಚಕ್ರದ ಮೂಲಕ ಹಳಿಗೆ ವಾಪಸ್ ಬಿಡುತ್ತೆ, ಆ ಭಾರಕ್ಕೆ ಆ ವೋಲ್ಟೇಜಿಗೆ ಕೊಳೆ ಗಿಳೆ ಯಾವ ಲೆಕ್ಕಕ್ಕೂ ಇಲ್ಲ. ನಮ್ಮ ಪುಟ್ಟ ಇಂಜಿನ್ನಿಗೆ ಭಾರನೂ ಇಲ್ಲ ವೋಲ್ಟೇಜೂ ಇಲ್ಲ, ಹಾಗಾಗಿ ಕೂದಲೆಳೆಯಷ್ಟು ಕೊಳೆ ಅಡ್ಡ ಬಂದ್ರೂ ಅಲ್ಲೇ ನಿಲ್ಲುತ್ತೆ.

ಹಳಿ ಮೇಲೆ ಬಟ್ಟೆ ಎಳೆದ್ರೆ ಕಪ್ಪಗೆ ಮಸಿ ಥರ ಬರುತ್ತಲ್ಲ, ಅದು ಬರೀ ಧೂಳು ಅಂತ ಎಲ್ರೂ ಅನ್ಕೊಂಡಿರ್ತಾರೆ. ಧೂಳು ಇದ್ದೇ ಇದೆ, ನಮ್ಮ ಕಡೆ ಕೆಂಪು ಮಣ್ಣು, ಅದರ ಮೇಲೆ ಜಲ್ಲಿ ಕ್ರಷರ್ ಪುಡಿ, ಕಿಟಕಿ ಒಂದಿನ ತೆಗೆದಿಟ್ರೆ ಟೇಬಲ್ ಮೇಲೆ ಬೆರಳಲ್ಲಿ ಹೆಸರು ಬರೀಬಹುದು. ಆದ್ರೆ ಮುಖ್ಯವಾದ ಕೊಳೆ ಕಿಡಿಯಿಂದ ಬರೋದು. ಚಕ್ರ ಓಡ್ತಾ ಓಡ್ತಾ ಹಳಿಯಿಂದ ಒಂಚೂರು ಬಿಟ್ಟು ಮತ್ತೆ ಮುಟ್ಟಿದಾಗೆಲ್ಲ ಕಣ್ಣಿಗೆ ಕಾಣದಷ್ಟು ಚಿಕ್ಕ ಕಿಡಿ ಹಾರುತ್ತೆ, ಆ ಬಿಸಿಗೆ ಲೋಹದ ಮೇಲ್ಮೈ ಆಕ್ಸೈಡ್ ಆಗುತ್ತೆ, ಅದರ ಜೊತೆ ಗೇರಿನಿಂದ ಸೋರಿದ ಎಣ್ಣೆ, ಅಗ್ಗದ ವ್ಯಾಗನ್‌ಗಳ ಪ್ಲಾಸ್ಟಿಕ್ ಚಕ್ರ ಸವೆದು ಬಿಟ್ಟ ಅಂಟು ಎಲ್ಲ ಕಲಸಿಕೊಂಡು ಕಪ್ಪು ಪದರ ಆಗುತ್ತೆ. ಕೊಳೆ ಜಾಸ್ತಿ ಆದಷ್ಟೂ ಕಿಡಿ ಜಾಸ್ತಿ, ಕಿಡಿ ಜಾಸ್ತಿ ಆದಷ್ಟೂ ಕೊಳೆ ಜಾಸ್ತಿ. ಈಗ ಅದರ ಮೇಲೆ ಸ್ಯಾಂಡ್ ಪೇಪರ್ ಎಳೆದ್ರೆ ಏನಾಗುತ್ತೆ, ನುಣುಪಾಗಿದ್ದ ಹಳಿ ಮೇಲೆ ಸಾವಿರಾರು ಸಣ್ಣ ಗೀರು ಬೀಳುತ್ತೆ, ಗೀರಿನ ಏಣಿನ ಮೇಲಷ್ಟೇ ಚಕ್ರ ಮುಟ್ಟುತ್ತೆ, ಕಿಡಿ ಇನ್ನೂ ಸುಲಭ, ಗೀರಿನ ಒಳಗೆ ಸೇರಿದ ಕಪ್ಪು ಬಟ್ಟೆಗೆ ಸಿಗಲ್ಲ. ರೈತರಿಗೆ ಇದು ತಕ್ಷಣ ಅರ್ಥ ಆಗುತ್ತೆ, ಪಂಪ್‌ಸೆಟ್ ಸ್ಟಾರ್ಟರ್‌ನ ಪಾಯಿಂಟ್ ಸುಟ್ಟಾಗ ಅರ ಹಾಕಿ ಉಜ್ಜಿದ್ರೆ ಅವತ್ತು ಮೋಟಾರ್ ಎತ್ತುತ್ತೆ, ಆದ್ರೆ ಮೇಲಿನ ಬೆಳ್ಳಿ ಪದರ ಹೋಗಿರುತ್ತಲ್ಲ, ಸ್ವಲ್ಪ ದಿನಕ್ಕೇ ಪಾಯಿಂಟ್ ಮತ್ತೆ ಸುಡುತ್ತೆ.

ಹಾಗಾದ್ರೆ ಏನು ಮಾಡ್ಬೇಕು. ಮೊದಲು ಹಳಿ ಯಾವ ಲೋಹ ಅಂತ ನೋಡ್ಕೊಳ್ಳಿ, ಒಂದು ಅಯಸ್ಕಾಂತ ಹಿಡೀರಿ, ಅಂಟಿದ್ರೆ ಸ್ಟೀಲು, ಅದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತೆ. ಅಂಟದೆ ಹಳದಿ ಬಣ್ಣ ಇದ್ರೆ ಹಿತ್ತಾಳೆ, ಬೇಗ ಮಂಕಾಗುತ್ತೆ. ಬೆಳ್ಳಗಿದ್ರೆ ನಿಕಲ್ ಸಿಲ್ವರ್, ತಾಮ್ರ ನಿಕಲ್ ಸತು ಸೇರಿದ ಮಿಶ್ರಲೋಹ, ಹೊಸದಾಗಿ ತಗೊಳ್ಳೋರು ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಇದನ್ನೇ ತಗೊಳ್ಳಿ.

ಒರೆಸೋಕೆ ಬಹಳ ಜನ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕ್ತಾರೆ, ಮೊಬೈಲ್ ರಿಪೇರಿ ಅಂಗಡೀಲಿ ಐಪಿಎ ಅಂತಾರಲ್ಲ ಅದೇ. ಕೊಳೆ ಬಿಡಿಸುತ್ತೆ, ಸುಳ್ಳಲ್ಲ, ಆದ್ರೆ ಕಪ್ಪು ಬೇಗ ವಾಪಸ್ ಬರುತ್ತೆ ಅನ್ನೋದು ನನ್ನ ಅನುಭವ, ಹೊರದೇಶದ ಹವ್ಯಾಸಿಗಳಲ್ಲೂ ತುಂಬಾ ಜನ ಇದನ್ನೇ ಹೇಳ್ತಾರೆ. ಅವರು ಕೊಡೋ ಕಾರಣ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದ್ರೆ ಒಂದು ವಸ್ತು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತೆ ಅನ್ನೋ ಅಳತೆ, ನೀರಿಗೆ ಸುಮಾರು 80, ಐಪಿಎಗೆ 18ರಿಂದ 20ರ ಹತ್ರ, ಸೀಮೆಎಣ್ಣೆ ಮತ್ತೆ ಮಿನರಲ್ ಟರ್ಪೆಂಟೈನ್ ಜಾತಿಯವಕ್ಕೆ ಬರೀ 2ರ ಆಸುಪಾಸು, ಈ ಕಮ್ಮಿ ಇರೋ ದ್ರಾವಕ ಹಾಕಿದ್ರೆ ಹಳಿ ಮೇಲೆ ಉಳಿಯೋ ಅಂಶ ಕಿಡಿಗೆ ದಾರಿ ಕೊಡೋದು ಕಮ್ಮಿ ಅಂತ. ಇದರ ಮೇಲೆ ವಾದ ಇದೆ, ಎಲ್ರೂ ಒಪ್ಪಲ್ಲ, ನಾನು ಮಾತ್ರ ಟರ್ಪೆಂಟೈನ್ ಕಡೆ. ಸೀಮೆಎಣ್ಣೆ ಈಗ ಹುಡುಕಿದ್ರೂ ಸಿಗಲ್ಲ, ಪೇಂಟ್ ಅಂಗಡೀಲಿ ಎಂಟಿಒ ಅಂದ್ರೆ ಮಿನರಲ್ ಟರ್ಪೆಂಟೈನ್ ಕೊಡ್ತಾರೆ, ಹಳೇ ಕಾಟನ್ ಬನಿಯನ್ ತುಂಡಿಗೆ ನಾಲ್ಕು ಹನಿ ಹಾಕಿ ಹಳಿ ಮೇಲ್ಭಾಗ ಮತ್ತೆ ಒಳಗಿನ ಅಂಚು ಒರೆಸಿ, ಬಟ್ಟೆ ಕಪ್ಪಾಗೋದು ನಿಲ್ಲೋವರೆಗೂ ಜಾಗ ಬದಲಾಯಿಸ್ತಾ ಒರೆಸಿ, ಕೊನೇಲಿ ಒಣ ಬಟ್ಟೆ. ಅಂಗಡಿಯವರು ಅದರ ಬದಲು ಥಿನ್ನರ್ ಕೊಟ್ರೆ ತಗೋಬೇಡಿ, ಎನ್‌ಸಿ ಥಿನ್ನರ್ ಹಳಿ ಕೆಳಗಿನ ಅಡ್ಡಪಟ್ಟಿ ಇರುತ್ತಲ್ಲ, ಆ ಪ್ಲಾಸ್ಟಿಕ್ ಸ್ಲೀಪರ್‌ನೇ ಕರಗಿಸ್ಬಿಡುತ್ತೆ. ಪೆಟ್ರೋಲ್ ಅಂತೂ ಮನೆ ಒಳಗೆ ತರಲೇಬೇಡಿ. ಟರ್ಪೆಂಟೈನ್‌ಗೂ ಬೆಂಕಿ ಹತ್ತುತ್ತೆ, ಹಾಗಾಗಿ ಸ್ವಿಚ್ ಆಫ್ ಮಾಡಿ, ಕಿಟಕಿ ತೆಗೆದು, ದೊಡ್ಡೋರು ಜೊತೇಲಿ ಕೂತು ಮಾಡ್ಬೇಕು, ಪೂರ್ತಿ ಆರಿದ ಮೇಲೇ ರೈಲು ಬಿಡಿ, ಯಾಕಂದ್ರೆ ಕಿಡಿ ಹಾರುತ್ತೆ ಅಂತ ಆಗಲೇ ಹೇಳಿದ್ನಲ್ಲ.

ಹಳಿ ಒರೆಸಿ ಚಕ್ರ ಬಿಟ್ರೆ ಎಲ್ಲಾ ದಂಡ, ಒಂದೇ ಸುತ್ತಿಗೆ ಚಕ್ರದ ಕಪ್ಪೆಲ್ಲ ಹಳಿಗೆ ವಾಪಸ್ ಬರುತ್ತೆ. ಹಳಿಗೆ ಅಡ್ಡ ಒಂದು ಟಿಶ್ಯೂ ಪೇಪರ್ ಹಾಸಿ ಎರಡು ಹನಿ ಅದೇ ಟರ್ಪೆಂಟೈನ್ ಹಾಕಿ, ಒದ್ದೆ ಇರಬಾರದು ತೇವ ಇದ್ರೆ ಸಾಕು, ಇಂಜಿನ್‌ನ ಹಿಂದಿನ ಚಕ್ರ ಪೇಪರ್ ಮೇಲೆ ಕೂರಿಸಿ ಕೈಯಲ್ಲಿ ಹಿಡ್ಕೊಂಡು ಹಿಂದೆ ಮುಂದೆ ಆಡಿಸಿ, ಕಪ್ಪು ಗೆರೆ ಬೀಳುತ್ತೆ ನೋಡಿ, ಆಮೇಲೆ ತಿರುಗಿಸಿ ಮುಂದಿನ ಚಕ್ರ. ವ್ಯಾಗನ್‌ಗೆ ಸಾಧ್ಯ ಆದ್ರೆ ಲೋಹದ ಚಕ್ರ ಹಾಕಿ. ಎಣ್ಣೆ ವಿಷಯದಲ್ಲಿ ನಮ್ಮೋರು ಧಾರಾಳ ಜಾಸ್ತಿ, ಮನೇಲಿರೋ ಕೊಬ್ಬರಿ ಎಣ್ಣೆ ಬಿಟ್ಬಿಡ್ತಾರೆ, ಅದು 24 ಡಿಗ್ರಿ ಕೆಳಗೆ ಗಟ್ಟಿ ಆಗುತ್ತೆ, ಕೋಲಾರದ ಡಿಸೆಂಬರ್ ಬೆಳಿಗ್ಗೆ ಆ ಇಂಜಿನ್ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಪ್ಲಾಸ್ಟಿಕ್‌ಗೆ ಒಗ್ಗೋ ತೆಳು ಎಣ್ಣೆ, ಸೂಜಿ ಮೊನೇಲಿ ಒಂದು ಹನಿ, ಅಷ್ಟೇ. ಆಟ ಮುಗಿದ ಮೇಲೆ ಒಂದು ಹಳೇ ಸೀರೆನೋ ಬೆಡ್‌ಶೀಟೋ ಮುಚ್ಚಿಡಿ.

ಒಂದು ಜಾಗದಲ್ಲಿ ಚೆನ್ನಾಗಿ ಓಡಿ ದೂರ ಹೋದಂಗೆಲ್ಲ ಸ್ಪೀಡ್ ಕಮ್ಮಿ ಆಗ್ತಾ ಇದ್ರೆ ಅದು ಕೊಳೆಯಲ್ಲ, ಜಾಯಿಂಟು. ಹಳಿ ತುಂಡುಗಳನ್ನ ಸೇರಿಸೋ ಪುಟ್ಟ ತಗಡಿನ ಜಾಯಿನರ್ ಸಡಿಲ ಆಗಿರುತ್ತೆ, ಒಳಗೆ ಆಕ್ಸೈಡ್ ಕೂತಿರುತ್ತೆ, ಒಂದೊಂದು ಜಾಯಿಂಟಲ್ಲೂ ಒಂಚೂರು ವೋಲ್ಟೇಜ್ ಬಿದ್ದೋಗುತ್ತೆ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ತಂದ ಜಿಲ್ಲೆ ನಮ್ಮದು, ಅಷ್ಟು ದೂರ ತರೋಕೆ ಸಾವಿರಾರು ವೋಲ್ಟ್‌ಗೆ ಏರಿಸಿ ಕಳಿಸಿದ್ರು, ನಮಗೆ ಹಳೀಲಿ ಆ ಅವಕಾಶ ಇಲ್ಲ, ಇರೋದೇ 12 ವೋಲ್ಟು, ಅದರಲ್ಲಿ ಎರಡು ಹೋದ್ರೂ ಗೊತ್ತಾಗುತ್ತೆ. ಅದಕ್ಕೆ ಹಳಿ ಕೆಳಗೆ ಒಂದು ದಪ್ಪ ತಾಮ್ರದ ಜೋಡಿ ವೈರ್ ಎಳೆದು, ಮೂರ್ನಾಲ್ಕು ಅಡಿಗೊಂದು ಕಡೆ ಸಣ್ಣ ವೈರ್ ತಗೊಂಡು ಹಳಿ ಪಕ್ಕಕ್ಕೆ ಬೆಸುಗೆ ಹಾಕ್ಬೇಕು, ಮೇಲ್ಭಾಗಕ್ಕಲ್ಲ. ಇಂಜಿನ್ ಓಡ್ತಾ ಇರೋವಾಗ ಮಲ್ಟಿಮೀಟರ್ ಇಟ್ಟು ಹತ್ರದ ತುದಿ ದೂರದ ತುದಿ ಎರಡೂ ನೋಡಿ, ಎಲ್ಲಿ ಬೀಳ್ತಾ ಇದೆ ಅಂತ ಅದೇ ಹೇಳುತ್ತೆ. ಡಿಸಿಸಿ ಅಂತ ಡಿಜಿಟಲ್ ಸೆಟ್ ಇರೋರಿಗೆ ಇದೆಲ್ಲ ಇನ್ನೂ ಮುಖ್ಯ, ಅದರಲ್ಲಿ ಕರೆಂಟ್ ಜೊತೆ ಇಂಜಿನ್‌ಗೆ ಕೊಡೋ ಆಜ್ಞೆಯೂ ಅದೇ ಹಳೀಲೇ ಹೋಗುತ್ತೆ.

ಮೇಷ್ಟ್ರುಗಳಿಗೆ ಇದರಲ್ಲಿ ಒಂದು ಪಾಠವೇ ಇದೆ. ನಿಜವಾದ ರೈಲ್ವೆಯಲ್ಲೂ ಹಳೀಲಿ ಸಣ್ಣ ಕರೆಂಟ್ ಬಿಟ್ಟು, ರೈಲು ಬಂದಾಗ ಅದರ ಚಕ್ರ ಆಕ್ಸಲ್ಲು ಎರಡು ಹಳಿನೂ ಸೇರಿಸಿದ್ರೆ ಇಲ್ಲಿ ರೈಲಿದೆ ಅಂತ ಸಿಗ್ನಲ್‌ಗೆ ಗೊತ್ತಾಗೋ ವ್ಯವಸ್ಥೆ ಇದೆ, ಟ್ರ್ಯಾಕ್ ಸರ್ಕ್ಯೂಟ್ ಅಂತಾರೆ, 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಮಾಡಿದ್ದು. ಅಪರೂಪಕ್ಕೆ ರೈಲು ಓಡೋ ಲೈನಲ್ಲಿ ಹಳಿ ತುಕ್ಕು ಹಿಡಿದ್ರೆ ಅಲ್ಲೂ ಚಕ್ರ ಸರಿಯಾಗಿ ಮುಟ್ಟಲ್ಲ, ಇಂಗ್ಲೆಂಡಲ್ಲಿ ಎಲೆ ಉದುರೋ ಕಾಲಕ್ಕೆ ಹಳಿ ಮೇಲೆ ಎಲೆ ಅರೆದು ಪದರ ಕಟ್ಟಿ ಇದೇ ತೊಂದರೆ. ಹತ್ತನೇ ಕ್ಲಾಸಿನ ವಿದ್ಯುತ್ ಪಾಠವನ್ನ ಬೋರ್ಡಲ್ಲಿ ಬರೆಯೋ ಬದಲು ಒಂದು ಹಳಿ ತುಂಡು, ಒಂದು ಬಲ್ಬು, ಕೊಳೆ ಇರೋವಾಗ ಒಂದ್ಸಲ ಒರೆಸಿದ ಮೇಲೆ ಒಂದ್ಸಲ ತೋರಿಸಿದ್ರೆ ಮಕ್ಕಳು ಮರೆಯೋದುಂಟಾ?

ನನಗೆ ಇದರ ಮೇಲೆ ಇಷ್ಟು ಕಾಳಜಿ ಯಾಕೆ ಅಂದ್ರೆ ಇನ್ನೂ ಒಂದು ಆಸೆ ಇದೆ. ಬಂಗಾರಪೇಟೆಯಿಂದ ಕೋಲಾರ, ಅಲ್ಲಿಂದ ಚಿಕ್ಕಬಳ್ಳಾಪುರ, ಯಲಹಂಕ ಅಂತ ಓಡ್ತಿದ್ದ ಎರಡೂವರೆ ಅಡಿ ಗೇಜಿನ ಪುಟ್ಟ ರೈಲು ಈಗ ಇಲ್ಲ, ಎಲ್ಲ ಬ್ರಾಡ್ ಗೇಜ್ ಆಯ್ತು, ಕೋಲಾರ ಚಿಕ್ಕಬಳ್ಳಾಪುರದ ಮಧ್ಯೆ 2013ರಲ್ಲಿ ದೊಡ್ಡ ಗಾಡಿ ಶುರು ಆಯ್ತು. ಒಳ್ಳೇದೇ ಆಯ್ತು, ಆದ್ರೆ ಈಗಿನ ಮಕ್ಕಳಿಗೆ ಆ ಚಿಕ್ಕ ರೈಲು ಹೇಗಿತ್ತು ಅಂತ ತೋರ್ಸೋಕೆ ಮಾಡೆಲ್ ಬಿಟ್ರೆ ದಾರಿ ಇಲ್ಲ. ಲೆಕ್ಕ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ, ಆ ಗೇಜ್ 762 ಮಿಮೀ, ಮಾಡೆಲ್ ರೈಲಲ್ಲಿ ಎಚ್‌ಒ ಅನ್ನೋ ಅಳತೆ ಅಂದ್ರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಭಾಗಿಸಿದ್ರೆ 8.76 ಮಿಮೀ, ಅಂಗಡೀಲಿ ಸಿಗೋ, ಅದಕ್ಕಿಂತ ಚಿಕ್ಕ ಅಳತೆಯ ಎನ್ ಸ್ಕೇಲ್ ಹಳಿ 9 ಮಿಮೀ, ಕಾಲು ಮಿಮೀ ವ್ಯತ್ಯಾಸ ಯಾರ ಕಣ್ಣಿಗೂ ಕಾಣಲ್ಲ. ಯಾವುದಾದ್ರೂ ಶಾಲೆ ಆ ದಾರೀಲಿರೋ ನಂದಿ ಹಾಲ್ಟ್ ಸ್ಟೇಷನ್ ಸಮೇತ ಇದನ್ನ ಮಾಡೋದಾದ್ರೆ ವೈರಿಂಗ್ ಬೆಸುಗೆ ಎಲ್ಲ ನಾನು ಬಿಟ್ಟಿ ಮಾಡ್ಕೊಡ್ತೀನಿ. ಆದ್ರೆ ಅಷ್ಟು ಚಿಕ್ಕ ಇಂಜಿನ್ ಇನ್ನೂ ಹಗುರ, ಹಳಿ ಕನ್ನಡಿ ಥರ ಇಲ್ಲದಿದ್ರೆ ಒಂದು ಗೇಣೂ ಮುಂದೆ ಹೋಗಲ್ಲ.

ಕೊನೇದಾಗಿ, ನಿಮ್ಮ ಪುರವಣಿ ಓದಿ ಈಗಾಗಲೇ ಸ್ಯಾಂಡ್ ಪೇಪರ್ ಹಾಕ್ಬಿಟ್ಟಿರೋರು ಗಾಬರಿ ಆಗ್ಬೇಡಿ, ಹಳಿ ಎಸೀಬೇಡಿ. ಹಾರ್ಡ್‌ವೇರ್ ಅಂಗಡೀಲಿ 1000 ನಂಬರಿನ ವಾಟರ್ ಪೇಪರ್, ಆಮೇಲೆ 2000 ನಂಬರಿಂದು ತಂದು, ಇದೂ ಉಜ್ಜೋ ಪೇಪರೇ ಆದ್ರೂ ತುಂಬಾ ನಯ, ಹಳೇ ಗೀರು ತೆಗೆಯೋಕೆ ಮಾತ್ರ, ಹಳಿ ಉದ್ದಕ್ಕೇ ಎಳೀರಿ, ಅಡ್ಡ ಬೇಡ. ಗೀರು ಮಾಯ ಆದ ಮೇಲೆ ಸ್ವಲ್ಪ ಮೆಟಲ್ ಪಾಲಿಶ್ ಹಾಕಿ ಬಟ್ಟೇಲಿ ಉಜ್ಜಿ, ಪಾಲಿಶ್‌ನ ಅಂಶ ಒಂಚೂರೂ ಉಳಿಯದಂಗೆ ಟರ್ಪೆಂಟೈನಲ್ಲಿ ಒರೆಸಿ, ಆಮೇಲೆ ಒಂದು ಸ್ಟೇನ್‌ಲೆಸ್ ಸ್ಟೀಲ್ ವಾಷರ್ ತಗೊಂಡು ಅದರ ನುಣುಪಾದ ಅಂಚನ್ನ ಒತ್ತಿ ಹಳಿ ಮೇಲೆ ಹತ್ತಾರು ಸಲ ಜಾರಿಸಿ, ಉಳಿದ ಸಣ್ಣ ಏಣುಗಳು ಮಟ್ಟ ಆಗುತ್ತೆ. ಬೇಕಿದ್ರೆ 6ಬಿ ಪೆನ್ಸಿಲನ್ನ ಒಳಗಿನ ಅಂಚಿಗೆ ತೆಳ್ಳಗೆ ಒಂದ್ಸಲ ಎಳೀರಿ, ಅದರ ಗ್ರಾಫೈಟಲ್ಲಿ ಕರೆಂಟ್ ಹರಿಯುತ್ತೆ, ಏರು ಇರೋ ಕಡೆ ಮಾತ್ರ ಹಾಕ್ಬೇಡಿ, ಚಕ್ರ ಜಾರುತ್ತೆ. ಮುಂದಿನ ಭಾನುವಾರದ ಪುರವಣೀಲಿ ಇಷ್ಟನ್ನಾದ್ರೂ ತಿದ್ದುಪಡಿ ಅಂತ ಹಾಕಿ ಸಾರ್, ಪುಟ ಕಮ್ಮಿ ಇದ್ರೆ ನನ್ನ ಉಳಿದ ಮಾತೆಲ್ಲ ಕತ್ತರಿಸಿದ್ರೂ ಬೇಜಾರಿಲ್ಲ.

ಇಂತಿ,
ನಿಮ್ಮ ಓದುಗ
ಕೋಲಾರ