ಜಪಾನಿ ಸಾಹಿತ್ಯದ ಓದು ಸಣ್ಣಕತೆಯಿಂದ ಮೊದಲಾಗಲಿ

ಮಾನ್ಯ ಸಂಪಾದಕರೇ,

ಜಪಾನಿ ಸಾಹಿತ್ಯವನ್ನು ಎಲ್ಲಿಂದ ಓದಲಾರಂಭಿಸಬೇಕು ಎಂದು ಕೇಳಿದವರ ಕೈಗೆ ‘ಗೆಂಜಿಯ ಕಥೆ’ಯನ್ನು ಇಡುವವರು ಇದ್ದಾರೆ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ, ಅರಮನೆಯ ಸೇವೆಯಲ್ಲಿದ್ದ ಮುರಾಸಾಕಿ ಶಿಕಿಬು ರಚಿಸಿದ ಈ ಕೃತಿಯ ಹಿರಿಮೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದನ್ನು ಮೊದಲ ಪುಸ್ತಕವಾಗಿ ಸೂಚಿಸುವುದು ಓದುಗರಿಗೂ ಕೃತಿಗೂ ಅನ್ಯಾಯವೆಂಬುದು ನನ್ನ ಅನುಭವದ ಮಾತು. 54 ಅಧ್ಯಾಯಗಳ ಆ ಕೃತಿಯಲ್ಲಿ ಹೆಚ್ಚಿನ ಪಾತ್ರಗಳಿಗೆ ಸ್ವಂತ ಹೆಸರಿಲ್ಲ. ಆಸ್ಥಾನದ ಪದವಿಯೇ ಗುರುತು, ಪದವಿ ಏರಿದರೆ ಗುರುತೂ ಬದಲಾಗುತ್ತದೆ. ಕಥನದ ನಡುವೆ ಬರುವ ಸುಮಾರು 800 ಕಿರುಪದ್ಯಗಳಲ್ಲಿ ಪಾತ್ರಗಳು ನೇರವಾಗಿ ಆಡದ ಮಾತೆಲ್ಲ ಅಡಗಿದೆ. ನಾನು ಅದರಿಂದಲೇ ಆರಂಭಿಸಿ, ಕೆಲವು ಅಧ್ಯಾಯಗಳಲ್ಲೇ ಸೋತು, ಹಲವು ವರ್ಷ ಜಪಾನಿ ಪುಸ್ತಕದತ್ತ ತಿರುಗಿ ನೋಡಲಿಲ್ಲ.

ಮರಳಿ ಕರೆತಂದದ್ದು ಅಕುತಗಾವಾ ರ್ಯುನೊಸುಕೆಯ ಸಣ್ಣಕತೆಗಳು. 1922ರ ‘ಮೆಳೆಯೊಳಗೆ’ ಕತೆಯಲ್ಲಿ ಒಬ್ಬ ಸಮುರಾಯಿಯ ಸಾವಿನ ಬಗ್ಗೆ ಏಳು ಹೇಳಿಕೆಗಳಿವೆ, ಕೊನೆಯದು ಸತ್ತವನದೇ. ಯಾವುದು ನಿಜವೆಂದು ಲೇಖಕ ಹೇಳುವುದಿಲ್ಲ. ಕುರೊಸಾವಾ 1950ರಲ್ಲಿ ತೆಗೆದ ‘ರಾಶೊಮೊನ್’ ಚಿತ್ರದ ಕಥಾವಸ್ತು ಮುಖ್ಯವಾಗಿ ಇದೇ. ಹೆಸರು ಮಾತ್ರ ಅಕುತಗಾವಾನ ಇನ್ನೊಂದು ಕತೆಯದು. ಒಂದೇ ಸಂಜೆಯಲ್ಲಿ ಮುಗಿಯುವ ಇಂಥ ಕತೆ, ತೀರ್ಪನ್ನು ಓದುಗರಿಗೇ ಬಿಟ್ಟು ಸುಮ್ಮನಾಗುವ ಬರವಣಿಗೆಗೆ ನಮ್ಮನ್ನು ಸಿದ್ಧಗೊಳಿಸುತ್ತದೆ.

ಅನಂತರ ನತ್ಸುಮೆ ಸೊಸೆಕಿಯ ‘ಕೊಕೊರೊ’ ಓದಬಹುದು. 1914ರಲ್ಲಿ ಅಸಾಹಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯಲ್ಲಿ ಹೆಸರುಗಳ ಗೊಂದಲವಿಲ್ಲ: ನಿರೂಪಕ ಬರಿಯ ‘ನಾನು’, ಅವನು ಗೌರವಿಸುವ ಹಿರಿಯರು ‘ಸೆನ್ಸೈ’, ಅವರ ಗೆಳೆಯ ‘ಕೆ’. ಮೂರನೆಯ ಭಾಗವಿಡೀ ಸೆನ್ಸೈ ಬರೆದ ಒಂದು ಪತ್ರ. ಮೇಜಿ ಚಕ್ರವರ್ತಿ 1912ರಲ್ಲಿ ತೀರಿಕೊಂಡಾಗ ಒಂದು ಕಾಲವೇ ಮುಗಿಯಿತೆಂದು ಭಾವಿಸಿದ ತಲೆಮಾರಿನ ತಳಮಳ ಅದರಲ್ಲಿದೆ. ಹೃದಯ, ಬುದ್ಧಿ, ಅಂತರಂಗ ಎಲ್ಲವನ್ನೂ ಒಳಗೊಳ್ಳುವ ಆ ಶೀರ್ಷಿಕೆಗೆ ಕನ್ನಡದ ‘ಮನಸ್ಸು’ ಎಷ್ಟು ಹತ್ತಿರದ ಪದವೆಂದು ಓದುವಾಗ ಮತ್ತೆ ಮತ್ತೆ ಅನಿಸಿತು.

1968ರಲ್ಲಿ ನೊಬೆಲ್ ಪಡೆದ ಕವಾಬಾತಾ ಯಾಸುನಾರಿಯನ್ನು, ಎರಡು ಮೂರು ಪುಟಗಳಲ್ಲೇ ಮುಗಿಯುವ ಅವರ ‘ಅಂಗೈಯಗಲದ ಕತೆ’ಗಳ ಮೂಲಕ ಪರಿಚಯಿಸಿಕೊಂಡು, ಆಮೇಲೆ ‘ಹಿಮನಾಡು’ ಕಾದಂಬರಿಗೆ ಹೋಗುವುದು ಒಳ್ಳೆಯದು. ಅದರ ಮೊದಲ ವಾಕ್ಯವನ್ನು ಕುರಿತು ಇಲ್ಲಿ ಹೇಳಲೇಬೇಕು. ಗಡಿಯ ಉದ್ದನೆಯ ಸುರಂಗ ದಾಟುತ್ತಲೇ ಹಿಮನಾಡು ಎಂಬಷ್ಟೇ ಮೂಲದ ಮಾತು; ದಾಟಿದ್ದು ಯಾರು, ಯಾವುದು ಎಂದು ಅಲ್ಲಿಲ್ಲ. ಸೈಡೆನ್‌ಸ್ಟಿಕರ್ ಅವರ ಹೆಸರಾಂತ ಇಂಗ್ಲಿಷ್ ಅನುವಾದದಲ್ಲಿ ಕರ್ತೃಪದವಾಗಿ ರೈಲು ಬಂದು ಕೂತಿದೆ, ಏಕೆಂದರೆ ಆ ಭಾಷೆಯ ವಾಕ್ಯಕ್ಕೆ ಕರ್ತೃ ಬೇಕು. ಕನ್ನಡಕ್ಕೆ ಬೇಕಿಲ್ಲ. ಜಪಾನಿಯಂತೆಯೇ ಕರ್ತೃಪದವನ್ನು ಬಿಟ್ಟು ಮಾತನಾಡಬಲ್ಲ, ಕ್ರಿಯಾಪದವನ್ನು ಕೊನೆಗೆ ತರುವ ನಮ್ಮ ಭಾಷೆಯಲ್ಲಿ ಆ ವಾಕ್ಯದ ಓದುಗ ತಾನೇ ಸುರಂಗದಿಂದ ಹೊರಬಂದು ಹಿಮದ ಬೆಳಕಿಗೆ ಕಣ್ಣು ತೆರೆಯಬಲ್ಲ. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುವಾಗ ಆ ರೈಲೂ ಜೊತೆಗೆ ಬಂದುಬಿಟ್ಟರೆ ಈ ಅನುಕೂಲವನ್ನು ನಾವಾಗಿಯೇ ಕಳೆದುಕೊಂಡಂತೆ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳಿವೆ. ಅನುವಾದಿತ ಜಪಾನಿ ಕೃತಿಯನ್ನು ಪರಿಚಯಿಸುವಾಗ ಅನುವಾದಕರ ಹೆಸರನ್ನೂ, ಅನುವಾದ ಯಾವ ಭಾಷೆಯಿಂದ ಆಯಿತೆಂಬುದನ್ನೂ ದಯವಿಟ್ಟು ಮುದ್ರಿಸಿರಿ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಇಂಗ್ಲಿಷ್ ಮುದ್ರಣಗಳಲ್ಲಿ ಅನೇಕ ವೇಳೆ ಅದು ತಿರುಗುಮುರುಗಾಗಿರುತ್ತದೆ. ಪತ್ರಿಕೆ ಒಂದೇ ಕ್ರಮವನ್ನು ಪಾಲಿಸಿದರೆ, ಗ್ರಂಥಾಲಯದಲ್ಲಿ ಹುಡುಕುವ ಹೊಸ ಓದುಗರು ಒಬ್ಬನೇ ಲೇಖಕನನ್ನು ಇಬ್ಬರೆಂದು ತಿಳಿಯುವುದು ತಪ್ಪುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ